ಡಯಲಿನ ನಡುವಿನ ನಂಬರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿಯ ಹೆಸರನ್ನೂ ಬರೆಯಬೇಕಾಗುತ್ತದೆ, ಆ ಹೆಸರನ್ನು ಅವರು ಬದುಕಿರುವಾಗಲೇ ಎಷ್ಟೋ ರಿಜಿಸ್ಟರುಗಳಲ್ಲಿ ಬರೆಸಿ ಸುಸ್ತಾಗಿದ್ದರು. ಮುಂಬಯಿ ಪಕ್ಕದ ತುರ್ಭೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿದ್ದ ನಮ್ಮ ವರ್ಕ್‌ಶಾಪಿನಲ್ಲಿ ಸೇಠ್‌ನಿಂದ ಹಿಡಿದು ಕಸ ಗುಡಿಸುವ ಹೆಂಗಸಿನವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ವಿಜಾಪುರದ ಕಡೆಯಿಂದ ಬಂದ ನನಗೆ ಆ ಶಬ್ದ ಮನೆಯದೇ. ಹಾಗಾಗಿ ನಾನೂ ಕಾಕಾ ಎಂದೇ ಕರೆದೆ.

ಕಂಪನಿಗಳಿಗೆ ಬೇಕಾದ ಕಪ್, ಸಾಸರ್, ತಟ್ಟೆಗಳ ಮೇಲೆ ಚಿತ್ರ ಹಾಕಿಕೊಡುವುದು ನಮ್ಮ ವರ್ಕ್‌ಶಾಪಿನ ಕೆಲಸ. ಬಿಳಿ ಕಪ್‌ಗಳು ಗುಜರಾತಿನಿಂದ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಚಿತ್ರ ಅಚ್ಚಾದ ತೆಳು ಹಾಳೆಯನ್ನು ಹುಡುಗಿಯರು ನೀರಿನಲ್ಲಿ ನೆನೆಸಿ, ಕಪ್ ಮೇಲೆ ಜಾರಿಸಿ ಕೂರಿಸಿ, ಬಟ್ಟೆಯಿಂದ ಒತ್ತುತ್ತಿದ್ದರು. ಆಮೇಲೆ ಕರೆಂಟಿನ ಭಟ್ಟಿಯಲ್ಲಿ ಸುಡುವುದು. ಒಮ್ಮೆ ಸುಟ್ಟರೆ ಕಪ್ ಒಡೆಯುವವರೆಗೆ ಆ ಚಿತ್ರ ಹೋಗುವುದಿಲ್ಲ. ನಾನು ಸೇರಿದ ವರ್ಷಗಳಲ್ಲಿ ಹೆಚ್ಚಿನ ಆರ್ಡರೆಲ್ಲ ಫೋನಿನವರದು. ಎಕ್ಸ್‌ಚೇಂಜು ಎಲೆಕ್ಟ್ರಾನಿಕ್ ಆಯಿತೆಂದು ಒಂದು ಕಪ್, ಯಾವುದೋ ಜಿಲ್ಲೆಗೆ ಮೊದಲ ಮೊಬೈಲ್ ಟವರ್ ಬಂತೆಂದು ಒಂದು ಕಪ್, ಇಂಟರ್ನೆಟ್ಟಿನ ಕೇಬಲ್ ಸಮುದ್ರದಡಿಯಿಂದ ಬಂತೆಂದು ಗೋಡೆಗೆ ತೂಗುಹಾಕುವ ತಟ್ಟೆ. ಸಮಾರಂಭಕ್ಕೆ ಬಂದವರಿಗೆ, ಡೀಲರುಗಳಿಗೆ, ನೌಕರರಿಗೆ ಅದನ್ನು ಹಂಚುತ್ತಿದ್ದರು. ಆ ಚಿತ್ರಗಳನ್ನೆಲ್ಲ ಕೈಯಲ್ಲಿ ಬರೆಯುತ್ತಿದ್ದವರು ಕಾಕಾ. ಅವನ್ನು ಕಂಪ್ಯೂಟರಿಗೆ ಹಾಕಿ ಬಣ್ಣ ಬೇರ್ಪಡಿಸುವುದು ನನ್ನ ಕೆಲಸ.

ಕಾಕಾ ಉಡುಪಿ ಕಡೆಯವರು. ಹೋಟೆಲುಗಳ ಬೋರ್ಡ್ ಬರೆಯುತ್ತ ಠಾಣೆಗೆ ಬಂದು, ಅಲ್ಲಿಂದ ಈ ಕೆಲಸಕ್ಕೆ ಸೇರಿ ನೆರೂಳಿನಲ್ಲಿ ಒಂದು ಕೋಣೆಯ ಫ್ಲ್ಯಾಟ್ ಮಾಡಿಕೊಂಡಿದ್ದರು. ಸಣ್ಣ ಆಳು, ಅರ್ಧ ತೋಳಿನ ಬಿಳಿ ಅಂಗಿ. ದಿನವಿಡೀ ಶಾಯಿಯೊಡನೆ ಕೆಲಸ ಮಾಡಿದರೂ ಆ ಅಂಗಿಯ ಮೇಲೆ ಒಂದು ಚುಕ್ಕೆ ಬಿದ್ದದ್ದನ್ನು ನಾನು ಕಂಡಿಲ್ಲ. ವೃತ್ತ ಬರೆಯುವಾಗ ಉಸಿರು ಹಿಡಿಯುತ್ತಿದ್ದರು. ಮುಗಿದ ಮೇಲೆ ಬಿಡುವ ಉಸಿರು ನನ್ನ ಟೇಬಲ್ಲಿನವರೆಗೆ ಕೇಳುತ್ತಿತ್ತು. ಅವರ ಪ್ರತಿಯೊಂದು ಚಿತ್ರದಲ್ಲೂ ಹೊಸ ಯಂತ್ರದ ಪಕ್ಕ ಒಂದು ಹಳೆಯ ಕಾಲದ ಫೋನು ಇದ್ದೇ ಇರುತ್ತಿತ್ತು, ಬೆರಳು ಹಾಕಿ ತಿರುಗಿಸುವ ಡಯಲಿನದು. ಗಿರಾಕಿಗಳು ಕೇಳಿದರೆ, "ಹಳೆಯದು ಪಕ್ಕದಲ್ಲಿ ಇಲ್ಲದಿದ್ದರೆ ಹೊಸದು ಹೊಸದು ಅಂತ ಗೊತ್ತಾಗುವುದು ಹೇಗೆ?" ಎನ್ನುತ್ತಿದ್ದರು. ಗಿರಾಕಿಗಳು ಒಪ್ಪುತ್ತಿದ್ದರು.

ಸೇರಿದ ಮೊದಲ ವಾರವೇ ನಾನೊಂದು ತಪ್ಪು ಮಾಡಿದೆ. ಅವರ ಚಿತ್ರವನ್ನು ಸ್ಕ್ಯಾನ್ ಮಾಡಿ ದೊಡ್ಡದಾಗಿಸಿ ನೋಡುತ್ತಿದ್ದಾಗ ಫೋನಿನ ಡಯಲಿನ ನಟ್ಟನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಕಂಡವು. ಸ್ಕ್ಯಾನರಿನ ಗಾಜಿನ ಮೇಲಿನ ಧೂಳು ಎಂದುಕೊಂಡು ಕಂಪ್ಯೂಟರಿನಲ್ಲೇ ಒರೆಸತೊಡಗಿದೆ. ಕಾಕಾ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಅದು ಧೂಳಲ್ಲ ಮಾರಾಯ್ತಿ. ನಂಬರು."

ಇನ್ನಷ್ಟು ದೊಡ್ಡದು ಮಾಡಿ ನೋಡಿದೆ. ಹೌದು, ಏಳು ಅಂಕಿ. ಹಿಂದಿನ ಫೋನುಗಳಲ್ಲಿ ಡಯಲಿನ ನಡುವೆ ಒಂದು ದುಂಡು ಚೀಟಿಯಲ್ಲಿ ಆ ಫೋನಿನ ನಂಬರು ಬರೆದಿರುತ್ತಿತ್ತಲ್ಲ, ಅದೇ ಜಾಗ. ಕಪ್ಪನ್ನು ಕಣ್ಣಿನ ಹತ್ತಿರ ಹಿಡಿದರೆ ಓದಲು ಬರುವಷ್ಟು ಗಾತ್ರ.

"ಯಾರ ನಂಬರ್ರೀ ಕಾಕಾ?"

"ನಮ್ಮ ಮನೆಯದು," ಎಂದು ಹೇಳಿ ತಮ್ಮ ಮೇಜಿಗೆ ಹೋದರು. ಚೇಷ್ಟೆ ಇರಬೇಕು, ಶಿಲ್ಪಿಗಳು ಕಂಬದ ಮೂಲೆಯಲ್ಲಿ ಹೆಸರು ಕೆತ್ತುವ ಹಾಗೆ, ಎಂದು ನಾನು ನಕ್ಕೆ. ಭಟ್ಟಿಯ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು ಮರಾಠಿಯಲ್ಲಿ, "ನಗಬೇಡ ತಾಯಿ" ಎಂದಳು.

ಇಡೀ ಕಥೆ ಅವರ ಬಾಯಿಂದ ಬರಲು ಒಂದು ವರ್ಷ ಹಿಡಿಯಿತು. ನಾನು ಸೇರುವುದಕ್ಕೆ ಮೊದಲಿನ ವರ್ಷ ನಡೆದದ್ದು. ಅವರ ಹೆಂಡತಿಗೆ ಮೆದುಳು ಜ್ವರ ಬಂದು, ಜೀವ ಉಳಿದು, ನೆನಪು ಹೋಗತೊಡಗಿತ್ತು. ಅಡುಗೆಗೆ ಎರಡು ಸಲ ಉಪ್ಪು ಹಾಕುವುದರಿಂದ ಶುರುವಾಗಿ, ಕೊನೆಗೆ ಗಂಡನನ್ನು ನೋಡಿ "ನೀವು ಯಾರ ಪೈಕಿ?" ಎಂದು ಕೇಳುವವರೆಗೆ ಬಂತು. ಮಕ್ಕಳಿರಲಿಲ್ಲ. ಕಾಕಾ ಆಕೆಗೆ ದಿನಾ ಬೆಳಿಗ್ಗೆ ಶಾಲೆಯ ಮಗುವಿಗೆ ಮಗ್ಗಿ ಹೇಳಿಸುವಂತೆ ಮನೆಯ ಫೋನ್ ನಂಬರನ್ನು ಬಾಯಿಪಾಠ ಮಾಡಿಸುತ್ತಿದ್ದರು. ಬೇರೆಲ್ಲ ಹೋದರೂ ಅದು ನಿಂತಿತ್ತು. ಒಂದು ದಿನ ಪುಣೆಯ ಡಾಕ್ಟರರಿಗೆ ತೋರಿಸಲೆಂದು ಹೊರಟು ಕಲ್ಯಾಣದಲ್ಲಿ ಗಾಡಿ ಬದಲಿಸಬೇಕಿತ್ತು. ಹೆಂಡತಿ ಚಾ ಬೇಕೆಂದರು. ಬೆಂಚಿನ ಮೇಲೆ ಕೂರಿಸಿ, "ಏಳಬೇಡ, ಆಯಿತಾ?" ಎಂದು ಹೇಳಿ ಕಾಕಾ ಸ್ಟಾಲಿಗೆ ಹೋದರು. ಜನ ಇತ್ತು. ತಿರುಗಿ ಬರುವಷ್ಟರಲ್ಲಿ ಬೆಂಚಿನ ಮೇಲೆ ಬೇರೆ ಯಾರೋ ಕೂತಿದ್ದರು. ಕಲ್ಯಾಣದಿಂದ ಗಾಡಿಗಳು ಉತ್ತರಕ್ಕೂ ಹೋಗುತ್ತವೆ, ದಕ್ಷಿಣಕ್ಕೂ ಹೋಗುತ್ತವೆ. ಆ ಹೊತ್ತಿನಲ್ಲಿ ಮೂರು ಗಾಡಿ ಬಿಟ್ಟಿದ್ದವು.

"ನಾಲ್ಕು ನಿಮಿಷ," ಎನ್ನುತ್ತಿದ್ದರು ಕಾಕಾ. "ಒಂದು ವೃತ್ತ ಬರೆಯಲಿಕ್ಕೆ ನನಗೆ ಅದಕ್ಕಿಂತ ಹೆಚ್ಚು ಬೇಕು."

ಪೊಲೀಸರಿಗೆ ಹೇಳಿದರು, ಪೇಪರಿಗೆ ಫೋಟೋ ಕೊಟ್ಟರು, ಭುಸಾವಳದವರೆಗೂ ಸೋಲಾಪುರದವರೆಗೂ ಸ್ಟೇಷನ್ನಿಂದ ಸ್ಟೇಷನ್ನಿಗೆ ಇಳಿದು ಕೇಳಿದರು. ಆಮೇಲೆ ಕಪ್‌ನ ಯೋಚನೆ ಬಂತು. "ಪೇಪರು ಮರುದಿನ ಭಜಿ ಕಟ್ಟಲಿಕ್ಕೆ ಹೋಗುತ್ತದೆ. ಕಪ್ ಮನೆಯಲ್ಲಿ ಹತ್ತು ವರ್ಷ ಇರುತ್ತದೆ. ಯಾರ ಮನೆಯಲ್ಲಿದ್ದಾಳೋ, ಯಾವ ಆಶ್ರಮದಲ್ಲಿದ್ದಾಳೋ. ಚಾ ಅಂತೂ ಕೊಡುತ್ತಾರಲ್ಲ? ಅವಳಿಗೆ ಅಂಕಿ ಓದಲು ಬರುತ್ತದೆ."

ಸೇಠ್‌ಗೆ ಇದು ಗೊತ್ತಿತ್ತು. ಕಂಡೂ ಕಾಣದಂತೆ ಇದ್ದರು.

ಕಾಕಾರ ಭಾವಮೈದ, ಅಂದರೆ ಆ ಹೆಂಡತಿಯ ತಮ್ಮ, ಠಾಣೆಯಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ಕಳೆದುಹೋದ ದಿನವೇ ಕಲ್ಯಾಣಕ್ಕೆ ಓಡಿ ಬಂದು ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರೆದುರು, "ಅಕ್ಕನನ್ನು ನಾವು ಕೈಹಿಡಿಸಿ ಕೊಟ್ಟದ್ದು, ಬೆಂಚಿನ ಮೇಲೆ ಬಿಟ್ಟುಹೋಗಲಿಕ್ಕಲ್ಲ ಭಾವ," ಎಂದರಂತೆ. ಆಮೇಲೆ ಹತ್ತು ಹನ್ನೆರಡು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಕಾಕಾ ಇದನ್ನು ಹೇಳುವಾಗ ಭಾವಮೈದನ ಮೇಲೆ ಸಿಟ್ಟು ತೋರಿಸುತ್ತಿರಲಿಲ್ಲ. "ಸರಿಯಾಗೇ ಹೇಳಿದ ಅವನು," ಎನ್ನುತ್ತಿದ್ದರು.

ನಾನು ಸೇರಿದ ಮರುವರ್ಷ ಊರಿನ ಎಲ್ಲ ಫೋನುಗಳ ನಂಬರು ಬದಲಾಯಿತು. ಏಳು ಅಂಕಿಯ ಮುಂದೆ ಎರಡು ಎಂಬ ಇನ್ನೊಂದು ಅಂಕಿ ಸೇರಿ ಎಂಟಾಯಿತು. ನಮಗೆಲ್ಲ ಅದೊಂದು ದೊಡ್ಡ ವಿಷಯವಲ್ಲ. ಕಾಕಾ ರಜೆ ಹಾಕಿ ಟೆಲಿಫೋನ್ ಆಫೀಸಿಗೆ ಹೋದರು. ತಮ್ಮದೊಂದು ನಂಬರನ್ನಾದರೂ ಹಳೆಯ ಹಾಗೇ ಇಡಲು ಆಗುತ್ತದೆಯೇ ಎಂದು ಕೇಳಿದರು. ಕೌಂಟರಿನ ಹೆಂಗಸು ಒಳ್ಳೆಯವರು, ಕೂರಿಸಿ ನೀರು ಕೊಟ್ಟು ವಿವರಿಸಿದರಂತೆ: ಎಲ್ಲರದೂ ಒಟ್ಟಿಗೆ ಬದಲಾಗುತ್ತದೆ ಕಾಕಾ, ಹಳೆಯ ನಂಬರು ತಿರುಗಿಸಿದರೆ ಮುಂದೆ ಎರಡು ಸೇರಿಸಿ ಎಂದು ಒಂದು ದನಿ ಹೇಳುತ್ತದೆ, ಕೆಲವು ತಿಂಗಳು.

"ಅವಳಿಗೆ ಏಳೇ ಗೊತ್ತಿರುವುದು," ಎಂದು ಊಟದ ಡಬ್ಬಿ ಮುಂದಿಟ್ಟುಕೊಂಡು ನನಗೆ ಹೇಳಿದರು. "ಎಂಟನೆಯದನ್ನು ಹೇಳಿಕೊಡಲು ನಾನು ಅಲ್ಲಿಲ್ಲವಲ್ಲ."

ಅದಾದ ಮೇಲೆ ದಿನಾ ಸಂಜೆ ನೆರೂಳ ಸ್ಟೇಷನ್ನಿನ ಹೊರಗಿನ ಫೋನ್ ಬೂತಿನಿಂದ ತಮ್ಮದೇ ಹಳೆಯ ನಂಬರಿಗೆ ಫೋನು ಮಾಡಿ ಆ ದನಿ ಇನ್ನೂ ಇದೆಯೇ ಎಂದು ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದರು. ಒಂದು ದಿನ ಬೆಳಿಗ್ಗೆ ಬಂದವರೇ, "ನಿನ್ನೆಯಿಂದ ಬರೀ ಟೂಂ ಅಂತ ಬರುತ್ತದೆ," ಎಂದು ಹೇಳಿ ಹಾಳೆ ಹರಡಿಕೊಂಡು ಕೂತರು. ಆ ದಿನ ಬರೆದ ಚಿತ್ರದಲ್ಲಿ ಎಂಟು ಅಂಕಿ ಇದ್ದವು.

ಫೋನುಗಳು ಬರುತ್ತಿರಲಿಲ್ಲ ಎಂದೇನೂ ಅಲ್ಲ. ಕಪ್‌ನ ತಳದಲ್ಲಿ ನಮ್ಮ ಊರಿನ ಹೆಸರಿತ್ತು, ಹೊರಗಿನವರು ಮುಂಬಯಿಯ ಕೋಡು ಸೇರಿಸಿ ಮಾಡುತ್ತಿದ್ದರು. ಕರೆ ಮಾಡಿದವರ ನಂಬರು ತೋರಿಸುವ ಡಬ್ಬಿಯನ್ನು ಅವರು ಫೋನಿಗೆ ಜೋಡಿಸಿಕೊಂಡಿದ್ದರು. ಕೆಲಸದಿಂದ ಹೋದೊಡನೆ ಅದರಲ್ಲಿದ್ದ ಪ್ರತಿ ನಂಬರಿಗೂ ತಿರುಗಿ ಫೋನು ಮಾಡುತ್ತಿದ್ದರು. ಹೆಚ್ಚಿನವು ಕುತೂಹಲಕ್ಕೆ ಮಾಡಿದವು. ಅಕೋಲಾದ ಒಬ್ಬ ಮುದುಕ ಅದನ್ನು ಕಂಪನಿಯ ದೂರು ಕೇಳುವ ನಂಬರು ಎಂದು ತಿಳಿದು, ತನ್ನ ಹೊಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಬೈದಿದ್ದ. ಕಾಕಾ ಅವನ ಹೆಸರು ಊರು ಬರೆದುಕೊಂಡು, ನಿಜವಾದ ಕಂಪನಿಗೆ ಫೋನು ಮಾಡಿ ಅವನ ಪರವಾಗಿ ದೂರು ಕೊಟ್ಟು, ಒಂದು ವಾರ ಬಿಟ್ಟು ಅವನಿಗೆ ಫೋನು ಮಾಡಿ ಈಗ ಸಿಗುತ್ತಿದೆಯೇ ಎಂದು ವಿಚಾರಿಸಿದರು. ಎಲ್ಲರಿಗೂ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ನಿಮ್ಮ ಊರಲ್ಲಿ ದಿಕ್ಕಿಲ್ಲದ ಹೆಂಗಸರನ್ನು ಎಲ್ಲಿ ಇಡುತ್ತಾರೆ?

ಹೀಗೆ ಬಂದ ಕರೆಗಳಲ್ಲಿ ಒಂದು ಸಾತಾರದ ಕಡೆಯ ಒಂದು ಮಹಿಳಾಶ್ರಮದ್ದು. ಯಾರೋ ದಾನಿಗಳು ಕೊಟ್ಟ ಸಾಮಾನಿನಲ್ಲಿ ನಮ್ಮ ಕಪ್‌ಗಳೂ ಇದ್ದವು. ಅಲ್ಲಿನ ಮೇಲ್ವಿಚಾರಕಿ ಹೇಳಿದ್ದು ಇಷ್ಟು: ಇಲ್ಲೊಬ್ಬರು ಇದ್ದಾರೆ, ದಕ್ಷಿಣದವರು, ಹೆಸರು ಹೇಳುವುದಿಲ್ಲ. ಈ ಕಪ್‌ನಲ್ಲಿ ಚಹಾ ಕೊಟ್ಟ ದಿನದಿಂದ ಆ ನಂಬರನ್ನೇ ಓದುತ್ತ ಕೂರುತ್ತಾರೆ.

"ಹೆಂಗಸರ ಆಶ್ರಮ. ಒಬ್ಬನೇ ಗಂಡಸು ಹೋದರೆ ಒಳಗೆ ಬಿಡುತ್ತಾರೋ ಇಲ್ಲವೋ. ನೀನು ಬರುತ್ತೀಯಾ?" ಎಂದು ಕೇಳಿದರು. ನೀನು ಎಂದು ಕರೆದದ್ದು ಅದೇ ಮೊದಲು.

ಕಳಂಬೋಲಿಯಲ್ಲಿ ಸರ್ಕಾರಿ ಬಸ್ಸು ಹಿಡಿದೆವು. ಕಾಕಾರ ತೊಡೆಯ ಮೇಲೆ ಒಂದು ಕೈಚೀಲ, ಅದರಲ್ಲಿ ಇಸ್ತ್ರಿ ಮಾಡಿದ ಸೀರೆ, ಹಸಿರು ಅಂಚಿನದು. ಘಾಟಿ ಹತ್ತುವಾಗ, "ನನ್ನ ಗುರುತು ಸಿಗದಿದ್ದರೆ ನೀನು ಹೇಳು, ಇವರು ನಿಮ್ಮ ಮನೆಯವರು ಅಂತ. ಹೆಂಗಸರು ಹೇಳಿದರೆ ನಂಬುತ್ತಾಳೆ," ಎಂದರು.

ಆಶ್ರಮದ ಜಗಲಿಯಲ್ಲಿ ಆಕೆ ಗೋಡೆಗೆ ಒರಗಿ ಕೂತಿದ್ದರು. ಕೂದಲು ಕತ್ತರಿಸಿತ್ತು. ಕಾಕಾ ಹತ್ತಿರ ಹೋಗಿ ಬಗ್ಗಿ ನೋಡಿ ನನ್ನ ಕಡೆ ತಿರುಗಿದರು.

"ಅಲ್ಲ," ಎಂದರು.

ಮೇಲ್ವಿಚಾರಕಿ, "ಸರಿಯಾಗಿ ನೋಡಿ ಕಾಕಾ, ಇಷ್ಟು ವರ್ಷದಲ್ಲಿ ಮುಖ ಬದಲಾಗಿರುತ್ತದೆ," ಎಂದರು.

"ಅಲ್ಲ. ನನಗೆ ಗೊತ್ತಾಗುತ್ತದೆ."

ಆದರೆ ಆಕೆ ಅಷ್ಟರಲ್ಲಿ ಕಾಕಾರ ಅಂಗಿಯ ತೋಳನ್ನು ಹಿಡಿದಿದ್ದರು. ತೆಲುಗಿನಲ್ಲಿ ಏನೋ ಹೇಳಿದರು. ಊರಿನಲ್ಲಿ ನೆರೆಯವರ ತೆಲುಗು ಕೇಳಿ ಬೆಳೆದ ನನಗೆ ಅರ್ಧ ಅರ್ಥವಾಯಿತು: ಇಷ್ಟು ಹೊತ್ತು ಮಾಡಿದಿರಲ್ಲ, ಎಂದು. ಕಾಕಾಗೆ ನಾನು ಅದನ್ನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವರು ಅಲ್ಲೇ ನೆಲದ ಮೇಲೆ ಕೂತರು. ಆಕೆ ಕಪ್ ತಿರುಗಿಸಿ ನಂಬರು ಓದಿದರು. ಕಾಕಾ ಕೂಡ ಜೊತೆಗೆ ಓದಿದರು. ಸುಮಾರು ಒಂದು ತಾಸು ಹೀಗೇ. ಏಳುವಾಗ ಆ ಸೀರೆಯನ್ನು ಆಕೆಯ ಮಡಿಲಲ್ಲಿಟ್ಟರು. ತೋಳು ಬಿಡಿಸಲು ಇಬ್ಬರು ಆಯಾಗಳು ಬರಬೇಕಾಯಿತು.

ಹಿಂದಿರುಗಿ ಕಳಂಬೋಲಿಯಲ್ಲಿ ಇಳಿದಾಗ ಕಬ್ಬಿಣದ ಲಾರಿಗಳ ಗದ್ದಲದಲ್ಲಿ ಅವರ ಮಾತು ನನಗೆ ಸರಿಯಾಗಿ ಕೇಳಲಿಲ್ಲ. ಮತ್ತೆ ಹೇಳಿದರು. "ಇವಳ ಮನೆಯವರು ಎಲ್ಲಿ ಹುಡುಕುತ್ತಿದ್ದಾರೋ ಅಂದೆ."

ಮೂರು ತಿಂಗಳಿಗೊಮ್ಮೆ ಅವರು ಸಾತಾರಕ್ಕೆ ಹೋಗಿಬರುತ್ತಿದ್ದರು. ಎರಡನೆಯ ವರ್ಷ ಹೋದಾಗ ಆಕೆ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ತಿಳಿಸಲು ಆಶ್ರಮದವರು ನಾಲ್ಕು ಸಲ ಫೋನು ಮಾಡಿದ್ದರಂತೆ. ಆ ಮಳೆಗಾಲದಲ್ಲಿ ನೆರೂಳಿನ ಅವರ ಲೈನು ಒಂದು ತಿಂಗಳು ಕೆಟ್ಟು ಬಿದ್ದಿತ್ತು.

ಇನ್ನು ನನ್ನ ವಿಷಯ. ಇದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಕೆಲವು ವರ್ಷಗಳ ನಂತರ ಒಂದು ಮೊಬೈಲ್ ಕಂಪನಿಯಿಂದ ನಾವು ಕಂಡು ಕೇಳದಷ್ಟು ದೊಡ್ಡ ಆರ್ಡರು ಬಂತು. ದೇಶದ ಎಲ್ಲ ಕಡೆಯ ಡೀಲರುಗಳಿಗೆ ಕಪ್. ಕಾಕಾ ಇಪ್ಪತ್ತು ದಿನ ಕೂತು ಚಿತ್ರ ಬರೆದರು. ಅಷ್ಟು ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಭೂತಗನ್ನಡಿ ಹಿಡಿದು ಬರೆಯುತ್ತಿದ್ದರು. ಇದೇ ಕೊನೆಯದು ಎಂದು ಅವರಿಗೂ ಗೊತ್ತಿತ್ತು. "ಇಷ್ಟು ಊರಿಗೆ ಯಾವತ್ತೂ ಹೋಗಿರಲಿಲ್ಲ," ಎಂದು ಎರಡು ಮೂರು ಸಲ ಹೇಳಿದರು.

ಮಾದರಿ ಕಪ್ ನೋಡಿದ ಕಂಪನಿಯ ಯಾರೋ ಹುಷಾರಿನವರು ಆ ನಂಬರಿಗೆ ಫೋನು ಮಾಡಿ ನೋಡಿದ್ದಾರೆ. ಸೇಠ್ ನನ್ನನ್ನು ಒಳಗೆ ಕರೆದರು. ಅವರ ಮುಖವೂ ಸಣ್ಣದಾಗಿತ್ತು.

"ಬೇಟಾ, ಆ ನಂಬರ್ ತೆಗೆದುಬಿಡು. ಇಲ್ಲದಿದ್ದರೆ ಅವರು ಆರ್ಡರು ವಾಪಸ್ ತೆಗೆದುಕೊಳ್ಳುತ್ತಾರೆ. ಕಾಕಾಗೆ ಹೇಳಬೇಡ."

"ಹೇಳಿದರ ಛಲೋ ಅಲ್ರೀ ಸೇಠ್‌ಜಿ?" ಎಂದು ನಾನು ಹಿಂದಿಯಲ್ಲಿ ಹೇಳಬೇಕಾದ್ದನ್ನು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದೆ. ಅವರಿಗೆ ಅರ್ಥವಾಯಿತು.

"ಹೇಳಿದರೆ ಅವನು ಪ್ರೂಫಿಗೆ ಸಹಿ ಹಾಕುವುದಿಲ್ಲ. ಆಗ ಹೊರಗೆ ಕೂತ ಹನ್ನೆರಡು ಹುಡುಗಿಯರಿಗೆ ನಾನು ಏನು ಹೇಳಲಿ?"

ನನ್ನ ಕುರ್ಚಿಗೆ ಬಂದು ಕೂತೆ. ಎಂಟು ಅಂಕಿಗಳ ಸುತ್ತ ಒಂದು ಗೆರೆ ಎಳೆದು ಒಂದು ಗುಂಡಿ ಒತ್ತಿದೆ. ಅಷ್ಟೇ. ಮೊದಲ ವಾರ ಧೂಳೆಂದು ತಿಳಿದು ಒರೆಸಿದ್ದಕ್ಕಿಂತ ಸುಲಭವಾಗಿತ್ತು.

ಮರುದಿನ ಕಾಕಾ ಪ್ರೂಫ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಭೂತಗನ್ನಡಿಯನ್ನು ಹತ್ತಿರ ದೂರ ಮಾಡಿದರು. ಆಮೇಲೆ ಹಾಳೆಯನ್ನು ನನಗೆ ಕೊಟ್ಟು, "ನನಗೆ ಮಂಜು ಮಂಜು. ನೀನೇ ನೋಡು. ಎಲ್ಲ ಸರಿ ಉಂಟಾ?" ಎಂದರು.

"ಸರಿ ಐತ್ರಿ ಕಾಕಾ."

"ನಂಬರು?"

"ಐತ್ರಿ."

ಅವರು ತಲೆಯಾಡಿಸಿ ಸಹಿ ಹಾಕಿದರು. ಆ ದಿನ ನಾನು ಡೊಂಬಿವ್ಲಿಯ ನಮ್ಮ ಮನೆಗೆ ಹೋಗಲು ಠಾಣೆಯಲ್ಲಿ ಗಾಡಿ ಬದಲಿಸುವಾಗ ಎರಡು ಲೋಕಲ್ ಹತ್ತದೆ ಬಿಟ್ಟೆ. ತಿರುಗಿ ಹೋಗಿ ಹೇಳಿಬಿಡಬೇಕೆಂದು ನಿಂತಿದ್ದೆ. ಮೂರನೆಯದನ್ನು ಹತ್ತಿದೆ.

ಕಾಕಾ ನಿವೃತ್ತರಾದರು. ಕಣ್ಣಿನ ಆಪರೇಷನ್ ಆದರೂ ಸಣ್ಣ ಗೆರೆ ಕಾಣಿಸುವಷ್ಟು ಸುಧಾರಿಸಲಿಲ್ಲ. ಊರಿನಲ್ಲಿ ಅಣ್ಣನ ಮಕ್ಕಳು ಕರೆದರೂ ಹೋಗಲಿಲ್ಲ. ಫೋನು ಬಿಟ್ಟು ಹೇಗೆ ಬರಲಿ ಎಂದರು. ಹಬ್ಬಕ್ಕೆ ನಾನು ನೆರೂಳಿಗೆ ಹೋದರೆ, ಆ ದೊಡ್ಡ ಆರ್ಡರಿನಿಂದ ಒಂದೂ ಕರೆ ಬಂದಿಲ್ಲವಲ್ಲ ಎಂದು ಆಶ್ಚರ್ಯಪಡುತ್ತಿದ್ದರು. "ಈಗ ಯಾರೂ ಕಪ್ ಮೇಲಿನದ್ದು ಓದುವುದಿಲ್ಲ ಕಾಣುತ್ತದೆ. ಎಲ್ಲರಿಗೂ ಮೊಬೈಲಿನಲ್ಲೇ ಓದಲಿಕ್ಕೆ ಬೇಕಾದಷ್ಟು ಉಂಟು." ನಾನು ಹೌದ್ರಿ ಎನ್ನುತ್ತಿದ್ದೆ. ಚಹಾ ಮುಗಿಸಿ ಬೇಗ ಎದ್ದುಬಿಡುತ್ತಿದ್ದೆ. ಬರಬರುತ್ತ ಹೋಗುವುದೂ ಕಡಿಮೆಯಾಯಿತು.

ಕಿಡ್ನಿ ಕೆಟ್ಟು ನೆರೂಳಿನ ಆಸ್ಪತ್ರೆ ಸೇರಿದ್ದಾರೆಂದು ವರ್ಕ್‌ಶಾಪಿನ ಹಳೆಯ ಹುಡುಗಿಯೊಬ್ಬಳು ಫೋನು ಮಾಡಿದಾಗ ಹೋದೆ. ಮಧ್ಯಾಹ್ನ, ಭೇಟಿಯ ಹೊತ್ತು. ಮಂಚದ ಪಕ್ಕದಲ್ಲಿ ಅವರ ಭಾವಮೈದ ಕೂತಿದ್ದರು. ಮಾತು ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ, ಕಿತ್ತಳೆಯ ಸಿಪ್ಪೆ ಸುಲಿಯುತ್ತಿದ್ದರು. ನಾನು ಬಂದದ್ದು ಕಂಡು ಔಷಧ ತರಲು ಹೊರಗೆ ಹೋದರು.

ಕಾಕಾ ನನ್ನ ದನಿ ಗುರುತು ಹಿಡಿದರು. ಮನೆಯ ವಿಚಾರ ಕೇಳಿದರು. ಆಮೇಲೆ, "ಆ ಕೊನೆಯ ಆರ್ಡರು ಎಲ್ಲೆಲ್ಲಿಗೆ ಹೋಗಿತ್ತು? ಪಟ್ಟಿ ನಿನ್ನ ಹತ್ತಿರ ಇತ್ತಲ್ಲ," ಎಂದರು.

"ನಾಂದೇಡ," ಎಂದೆ. "ಇಟಾರ್ಸಿ. ಜಬಲ್‌ಪುರ. ರಾಯಪುರ."

"ಮತ್ತೆ?"

"ವಿಜಯವಾಡ, ಗುಂಟೂರು, ಕಟಕ್ ತನಕ ಹೋಗ್ಯಾವ್ರಿ."

"ಅಷ್ಟು ದೂರವಾ." ಕಣ್ಣು ಮುಚ್ಚಿಕೊಂಡರು. "ಹಾಗಾದರೆ ಎಲ್ಲಾದರೂ ಒಂದು ಕಡೆ ನೋಡಿಯಾಳು."

ಹೇಳಿಬಿಟ್ಟರೆ ನನಗೆ ಹಗುರವಾಗುತ್ತಿತ್ತು. ಅವರಿಗೆ ಏನೂ ಉಳಿಯುತ್ತಿರಲಿಲ್ಲ. ಹೀಗೆಂದು ನಾನು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಅಲ್ಲಿ ನಿಂತಾಗ ನನಗಿದ್ದದ್ದು ಬರೀ ಹೆದರಿಕೆ. ಊರುಗಳ ಹೆಸರು ಹೇಳುತ್ತಲೇ ಹೋದೆ. ನಮ್ಮ ಕಪ್ ಎಂದೂ ಹೋಗದ ಊರುಗಳನ್ನೂ ಹೇಳಿದೆ.

ನಾಲ್ಕನೆಯ ದಿನ ಅವರು ತೀರಿಕೊಂಡರು.

ನೆರೂಳಿನ ಆ ಒಂದು ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ಭಾವಮೈದ ಮುಂಬಯಿಯ ಕನ್ನಡ ಪೇಪರಿಗೆ ನಿಧನ ವಾರ್ತೆ ಕಳಿಸಲು ಒಂದು ಹಾಳೆ ತೆಗೆದುಕೊಂಡು ಕೂತರು. ಹೆಸರು, ವಯಸ್ಸು, ಮೂಲ ಊರು ಬರೆದರು. "ಮೃತರು" ಎಂದು ಬರೆದು ಪೆನ್ನು ನಿಲ್ಲಿಸಿದರು.

"ಪತ್ನಿಯನ್ನು ಅಗಲಿದ್ದಾರೆ ಅಂತ ಹಾಕುವುದಾ?" ಎಂದು ಯಾರನ್ನೂ ನೋಡದೆ ಕೇಳಿದರು. "ಬೆಳಿಗ್ಗೆ ಭಟ್ಟರೂ ಕೇಳಿದರು, ಅಕ್ಕನನ್ನು ಇದ್ದಾರೆ ಅಂತ ಹಿಡಿಯುವುದಾ, ಇಲ್ಲ ಅಂತ ಹಿಡಿಯುವುದಾ ಅಂತ."

ಭಾವಮೈದನ ಹೆಂಡತಿ ಮೆಲ್ಲಗೆ, "ಹದಿನಾಲ್ಕು ವರ್ಷ ಆಯಿತು. ಇನ್ನೆಲ್ಲಿಂದ?" ಎಂದರು.

ಭಾವಮೈದ ನನ್ನ ಕಡೆ ತಿರುಗಿದರು. "ನೀವು ಅವರೊಟ್ಟಿಗೆ ತುಂಬ ವರ್ಷ ಇದ್ದವರು. ನೀವೇ ಹೇಳಿ."

"ಹಾಕ್ರಿ," ಎಂದೆ.

ಅವರು ಬರೆದರು. ಕೆಳಗೆ ಸಂಪರ್ಕಕ್ಕೆಂದು ತಮ್ಮ ಮೊಬೈಲ್ ನಂಬರು ಹಾಕಿದರು. ಮರುದಿನ ಪೇಪರಿನಲ್ಲಿ ಬಂತು. ಬೆಳಿಗ್ಗೆಯಿಂದ ಅವರ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಪ್ರತಿ ಸಲವೂ ಅವರು ಸ್ಕ್ರೀನಿನಲ್ಲಿ ಹೆಸರು ಓದಿಕೊಂಡು ಆಮೇಲೆ ಎತ್ತುತ್ತಿದ್ದರು. ಸಂಜೆಯವರೆಗೂ ನಾನು ಅಲ್ಲೇ ಇದ್ದೆ. ಹೆಸರಿಲ್ಲದ ಕರೆ ಒಂದೂ ಬರಲಿಲ್ಲ.